ಓದಿದರೆ ಗೊತ್ತಾಗುತ್ತೆ, ಕೇಳಿದರೆ ಯಾಕೆ ಗೊತ್ತಾಗಲ್ಲ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ನರ್ಸಿಂಗ್ ಮಾಡಿದೆ. ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿಗೆ ಹೋಗಬೇಕು ಅಂತ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ. ಆದರೆ ಇಬ್ಬರು ಮಾತಾಡುವುದನ್ನು ಕೇಳಿಸಿದರೆ ಅರ್ಧಕ್ಕರ್ಧ ತಲೆಗೆ ಹೋಗುವುದಿಲ್ಲ. ಆಮೇಲೆ ಸ್ಕ್ರಿಪ್ಟ್ ನೋಡಿದರೆ ಎಲ್ಲ ಗೊತ್ತಿರುವ ಪದಗಳೇ! ಆರು ತಿಂಗಳಿಂದ ಸಬ್‌ಟೈಟಲ್ ಹಾಕಿಕೊಂಡು ದಿನಾ ಇಂಗ್ಲಿಷ್ ಸೀರಿಯಲ್ ನೋಡುತ್ತಿದ್ದೇನೆ. ಏನೂ ಬದಲಾಗಿಲ್ಲ. ಪರೀಕ್ಷೆಗೆ ಮೂರು ತಿಂಗಳಿದೆ. ಹೇಗೆ ಅಭ್ಯಾಸ ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಒಂದೇ ಸಾಲು. "ಸ್ಕ್ರಿಪ್ಟ್ ನೋಡಿದರೆ ಎಲ್ಲ ಗೊತ್ತಿರುವ ಪದಗಳೇ" ಅಂತ ಬರೆದಿದ್ದೀರಲ್ಲ, ಅದು. ನಿಮಗೆ ಪದ ಕಡಿಮೆ ಇಲ್ಲ, ವ್ಯಾಕರಣವೂ ಕಡಿಮೆ ಇಲ್ಲ. ನಿಮ್ಮ ಕಣ್ಣಿಗೆ ಗೊತ್ತಿರುವ ಪದ ನಿಮ್ಮ ಕಿವಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ಹೇಳುತ್ತೇನೆ, ಕನ್ನಡ ಮಾಧ್ಯಮದಿಂದ ಬಂದ ಹತ್ತು ಜನರಲ್ಲಿ ಎಂಟು ಜನರ ತೊಂದರೆ ಇದೇ. ಇದಕ್ಕೆ ಇನ್ನೊಂದು ಪದಕೋಶ ಬಾಯಿಪಾಠ ಮಾಡಿದರೆ ಪ್ರಯೋಜನ ಇಲ್ಲ.

ಮೊದಲು ನಮ್ಮ ಭಾಷೆಯನ್ನೇ ನೋಡಿ. ಹೊರ ರಾಜ್ಯದವರೊಬ್ಬರು ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತು ಬಂದಿದ್ದಾರೆ ಅಂತಿಟ್ಟುಕೊಳ್ಳಿ. "ಎಲ್ಲಿಗೆ ಹೋಗಬೇಕು" ಅಂತ ಅವರು ಓದಿದ್ದಾರೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಕಂಡಕ್ಟರ್ ಕೇಳುವುದು "ಎಲ್ಲೋಗ್ಬೇಕು?" ಅಂತ. "ಏನು ಮಾಡುತ್ತಿದ್ದೀಯ" ಅನ್ನುವುದು ಬಾಯಲ್ಲಿ "ಏನ್ಮಾಡ್ತಿದ್ಯ" ಆಗಿರುತ್ತದೆ. ಅವರಿಗೆ ಎಲ್ಲ ಪದವೂ ಗೊತ್ತು, ಆದರೂ ಮಾತು ತಿಳಿಯಲಿಲ್ಲ. ಕಂಡಕ್ಟರ್ ತಪ್ಪು ಮಾತಾಡಿದರಾ? ಇಲ್ಲ. ಬಾಯಿ ಪದಗಳನ್ನು ಕೂಡಿಸಿಕೊಂಡೇ ಹೋಗುತ್ತದೆ. ಹೈಸ್ಕೂಲಿನಲ್ಲಿ ನಾವು ಇದಕ್ಕೆ ಸಂಧಿ ಅಂತ ಹೆಸರಿಟ್ಟು ಓದಿದ್ದೇವೆ.

ಇಂಗ್ಲಿಷಿನಲ್ಲೂ ಸಂಧಿ ಇದೆ! ಬರವಣಿಗೆಯಲ್ಲಿ ಕಾಣಿಸುವುದಿಲ್ಲ, ಅದಕ್ಕೇ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಕನ್ನಡದಲ್ಲಿ ನೀವು ಕಲಿತ ಲೋಪ, ಆಗಮ, ಆದೇಶ ಮೂರೂ ಅಲ್ಲಿವೆ. ಊರು, ಊರು ಸೇರಿ ಊರೂರು ಆಗುವಾಗ ಒಂದು ಉಕಾರ ಬಿದ್ದುಹೋಗುತ್ತದಲ್ಲ, ಹಾಗೆ "ನೆಕ್ಸ್ಟ್ ಡೇ"ಯಲ್ಲಿ ಟ್ ಬಿದ್ದು "ನೆಕ್ಸ್‌ಡೇ" ಆಗುತ್ತದೆ. "ಲಾಸ್ಟ್ ನೈಟ್" ಹೋಗಿ "ಲಾಸ್‌ನೈಟ್". ಗುರು ಮತ್ತು ಅನ್ನು ಸೇರಿದಾಗ ನಡುವೆ ವ ಬಂದು ಗುರುವನ್ನು ಆಗುತ್ತದೆ. "ಗೋ ಆನ್" ಕೂಡ "ಗೋವಾನ್" ಆಗುತ್ತದೆ, ಅದೇ ವಕಾರ. ಮನೆಯನ್ನು ಅನ್ನುವಾಗ ಬರುವ ಯಕಾರ "ಸೀ ಇಟ್" ಅನ್ನುವಾಗ "ಸೀಯಿಟ್" ಆಗಿ ಬರುತ್ತದೆ. ಮಳೆಕಾಲ ಮಳೆಗಾಲ ಆಗುವ ಹಾಗೆ "ಡಿಡ್ ಯು" ಅನ್ನುವುದು "ಡಿಜು", "ವುಡ್ ಯು" ಅನ್ನುವುದು "ವುಜು". ಇನ್ನು ಹಳೇ ಮೈಸೂರು ಕಡೆ ಹ ಬಿಟ್ಟು ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಇಂಗ್ಲಿಷಿನವರೂ ಸಣ್ಣ ಪದಗಳ ಹ ಬಿಡುತ್ತಾರೆ. "ಟೆಲ್ ಹಿಮ್" ಅನ್ನುವುದು "ಟೆಲಿಮ್". "ಆಸ್ಕ್ ಹರ್" ಅನ್ನುವುದು "ಆಸ್ಕರ್". ನೀವು ಸಿನಿಮಾ ಪ್ರಶಸ್ತಿ ನೆನೆಸಿಕೊಳ್ಳುವಷ್ಟರಲ್ಲಿ ಅವರು ಮುಂದಿನ ವಾಕ್ಯದಲ್ಲಿ ಇರುತ್ತಾರೆ.

ಇದರ ಜೊತೆಗೆ ಇನ್ನೊಂದಿದೆ, ಅದು ಲಯ. ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅರ್ಥ ಹೊತ್ತ ಪದಕ್ಕೆ ಒತ್ತು ಬೀಳುತ್ತದೆ, ಮಿಕ್ಕವು ಅದರ ಸಂದಿಯಲ್ಲಿ ತೂರಿಕೊಂಡು ಹೋಗುತ್ತವೆ. ಒಂದು ಸಲ ಚಪ್ಪಾಳೆ ತಟ್ಟಿ ಹೇಳಿ ನೋಡಿ: "ನರ್ಸಸ್, ಚೆಕ್, ಪಲ್ಸ್." ಮೂರು ಚಪ್ಪಾಳೆ. ಈಗ "ದ ನರ್ಸಸ್ ವಿಲ್ ಚೆಕ್ ಯರ್ ಪಲ್ಸ್" ಅನ್ನಿ. ಪದ ಜಾಸ್ತಿ ಆಯಿತು, ಚಪ್ಪಾಳೆ ಮೂರೇ. ದ, ವಿಲ್, ಯರ್ ಇವೆಲ್ಲ ಚಪ್ಪಾಳೆಗಳ ನಡುವೆ ನುಂಗಿಹೋದವು. "ಅವರು ತುಂಬಾ ಫಾಸ್ಟ್ ಆಗಿ ಮಾತಾಡ್ತಾರೆ" ಅಂತ ಎಲ್ಲರೂ ಹೇಳುವುದು ಇದನ್ನೇ. ಸಾಮಾನ್ಯ ಮಾತುಕತೆಯ ಇಂಗ್ಲಿಷ್ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿ ಓಡುತ್ತದೆ. ನಿಮ್ಮ ವಾರ್ಡಿನಲ್ಲಿ ಶಿಫ್ಟ್ ಬದಲಾಗುವಾಗ ನೀವು ಆಡುವ ಕನ್ನಡ ಅದಕ್ಕಿಂತ ನಿಧಾನ ಏನಲ್ಲ.

ಪದದ ಒಳಗೂ ಇದೇ ಕಥೆ. ನಾವು "ವೆಜಿಟೇಬಲ್" ಅಂತ ಬಿಡಿಸಿ ಹೇಳುತ್ತೇವೆ, ಅವರು "ವೆಜ್‌ಟಬಲ್" ಅನ್ನುತ್ತಾರೆ. "ಕಂಫರ್ಟೇಬಲ್" ಅವರ ಬಾಯಲ್ಲಿ "ಕಂಫ್‌ಟಬಲ್". "ಫೋಟೋಗ್ರಾಫರ್" ಅಂತ ಕಾಯುತ್ತಾ ಕೂತರೆ "ಫಟಾಗ್ರಫರ್" ಬಂದು ಹೋಗಿರುತ್ತದೆ. ಕನ್ನಡದಲ್ಲಿ ಬೆರೆತುಹೋದ ಇಂಗ್ಲಿಷ್ ಪದಗಳೇ ನಮಗೆ ಜಾಸ್ತಿ ಮೋಸ ಮಾಡುತ್ತವೆ. ನಮ್ಮ ಉಚ್ಚಾರಣೆ ಅಷ್ಟು ಗಟ್ಟಿಯಾಗಿ ಕಿವಿಯಲ್ಲಿ ಕೂತಿರುತ್ತದೆ.

ಈಗ ಅಭ್ಯಾಸದ ವಿಷಯ. ಆರು ತಿಂಗಳು ಸೀರಿಯಲ್ ನೋಡಿದ್ದು ಯಾಕೆ ಫಲ ಕೊಡಲಿಲ್ಲ? ಸಬ್‌ಟೈಟಲ್ ಇದ್ದಾಗ ಕಣ್ಣು ಮೊದಲು ಓದಿಬಿಡುತ್ತದೆ. ಕಿವಿಗೆ ಕೆಲಸವೇ ಇಲ್ಲ. ನೀವು ಆರು ತಿಂಗಳು ಓದುವ ಅಭ್ಯಾಸ ಮಾಡಿದ್ದೀರಿ, ಅದೂ ಈಗಾಗಲೇ ಬರುವ ಓದು.

ನನ್ನ ವಿದ್ಯಾರ್ಥಿಗಳಿಗೆ ನಾನು ಮಾಡಿಸುವುದು ಹೀಗೆ. 30 ಸೆಕೆಂಡಿನ ಒಂದು ಮಾತುಕತೆ ತೆಗೆದುಕೊಳ್ಳಿ. ಐದು ನಿಮಿಷದ್ದು ಬೇಡ, 30 ಸೆಕೆಂಡ್ ಸಾಕು. ಸ್ಕ್ರಿಪ್ಟ್ ಇರುವ ಆಡಿಯೋನೇ ಆಗಬೇಕು, ಆದರೆ ಅದನ್ನು ಮುಚ್ಚಿಡಿ. ಮೊದಲ ಸಲ ಕೈಕಟ್ಟಿ ಕೂತು ಕೇಳಿ. ಯಾರು ಮಾತಾಡುತ್ತಿದ್ದಾರೆ, ಎಲ್ಲಿ, ಯಾವ ವಿಷಯ, ಇಷ್ಟು ಗೊತ್ತಾದರೆ ಸಾಕು. ಎರಡನೇ ಸಲ ವಾಕ್ಯಕ್ಕೊಮ್ಮೆ ನಿಲ್ಲಿಸಿ. ಕಿವಿಗೆ ಏನು ಬಿತ್ತೋ ಅದನ್ನು ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬೇಡ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಯಾಕೆಂದರೆ ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಸ್ಪೆಲ್ಲಿಂಗ್ ಬಂದು ಅಡ್ಡ ನಿಲ್ಲುತ್ತದೆ, ಗೊತ್ತಿರುವ ಪದವನ್ನು ಊಹಿಸಿ ಬರೆದುಬಿಡುತ್ತೀರಿ. ಕನ್ನಡ ಲಿಪಿ ಕೇಳಿದ್ದನ್ನು ಕೇಳಿದ ಹಾಗೇ ಹಿಡಿಯುತ್ತದೆ. ಸ್ವರ ಸ್ಪಷ್ಟವಾಗದ ಕಡೆ ಸುಮ್ನೆ ಒಂದು ಚುಕ್ಕಿ ಇಡಿ.

ಹೋದ ವರ್ಷ ಒಬ್ಬ ಹುಡುಗ ಬರೆದದ್ದು ನನಗೆ ಇನ್ನೂ ನೆನಪಿದೆ. ಆಡಿಯೋದಲ್ಲಿ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಫೋನಿನಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ. ಅವನ ನೋಟ್‌ಬುಕ್ಕಿನಲ್ಲಿದ್ದದ್ದು ಇಷ್ಟು: "ವಾಟೈಮ್ ಜವಾನ ಕಮಿನಾನ್ ವೆನ್ಸ್‌ಡೇ?" ಮೂರು ಸಲ ಕೇಳಿದರೂ ಅವನಿಗೆ ಜವಾನನೇ ಕೇಳಿಸಿದ. ಆಸ್ಪತ್ರೆಯ ಜವಾನ ಬುಧವಾರ ಏನೋ ಮಾಡುತ್ತಾನೆ ಅಂದುಕೊಂಡ. ಸ್ಕ್ರಿಪ್ಟ್ ತೆಗೆದರೆ "ವಾಟ್ ಟೈಮ್ ಡು ಯು ವಾಂಟ್ ಟು ಕಮ್ ಇನ್ ಆನ್ ವೆನ್ಸ್‌ಡೇ?" ಬುಧವಾರ ಎಷ್ಟು ಗಂಟೆಗೆ ಬರುತ್ತೀರಿ ಅಂತ, ಅಷ್ಟೇ. ಅವನಿಗೆ ನಾನು ಹೇಳಿದೆ, ನೀನು ತಪ್ಪು ಕೇಳಿಸಿಕೊಂಡಿಲ್ಲ ಮಾರಾಯ, ಸರಿಯಾಗೇ ಕೇಳಿಸಿಕೊಂಡಿದ್ದೀಯ. ಅವಳು ಹೇಳಿದ್ದು "ಜವಾನ" ಅಂತಲೇ. "ಡು ಯು" ಸೇರಿ "ಜು" ಆಯಿತು, "ವಾಂಟ್ ಟು" ಸೇರಿ "ವಾನ" ಆಯಿತು, ಎರಡೂ ಸೇರಿ "ಜವಾನ". "ಕಮ್ ಇನ್ ಆನ್" ಮೂರೂ ಒಂದಾಗಿ "ಕಮಿನಾನ್". ಆ ದಿನದ ಮೇಲೆ ಅವನಿಗೆ "ಜವಾನ" ಕೇಳಿದರೆ "ಬೇಕಾ ಅಂತ ಕೇಳ್ತಿದ್ದಾರೆ" ಅಂತ ತಾನೇ ಹೊಳೆಯುತ್ತಿತ್ತು. ಒಂದು ವಾಕ್ಯ ಬಿಡಿಸಿದ್ದಕ್ಕೆ ನೂರು ವಾಕ್ಯ ಬಿಡಿಸಿಕೊಂಡವು.

ಬರೆದಾದ ಮೇಲೆ ಸ್ಕ್ರಿಪ್ಟ್ ಪಕ್ಕದಲ್ಲಿಟ್ಟು ಹೋಲಿಸಿ. ತಪ್ಪಿದ ಕಡೆ ಕೆಂಪು ಗೀಟು ಹಾಕಿ. ಆ ಕೆಂಪು ಗೀಟುಗಳೇ ನಿಮ್ಮ ಅಂದಿನ ಪಾಠ. ಒಂದೊಂದರ ಪಕ್ಕ ಕಾರಣ ಬರೆಯಿರಿ. ಪದವೇ ಗೊತ್ತಿರಲಿಲ್ಲವಾ? ಪದ ಗೊತ್ತಿತ್ತು, ಗುರುತು ಸಿಗಲಿಲ್ಲವಾ? ಅಥವಾ ಕೇಳಿಸಿತು, ವಾಕ್ಯ ಮುಗಿಯುವಷ್ಟರಲ್ಲಿ ಮರೆತುಹೋಯಿತಾ? ನಿಮ್ಮಂಥವರಲ್ಲಿ ಎರಡನೆಯದೇ ಜಾಸ್ತಿ ಇರುತ್ತದೆ. ಆಮೇಲೆ ಆ ವಾಕ್ಯವನ್ನು ಅವರ ಜೊತೆಜೊತೆಗೇ ಬಾಯಿಬಿಟ್ಟು ಹೇಳಿ, ಅದೇ ವೇಗ, ಅದೇ ಏರಿಳಿತ. ಐದಾರು ಸಲ. ಇದನ್ನು ಬಿಡಬೇಡಿ. ಬಾಯಿ ಒಂದು ಸಲ "ಜವಾನ" ಅಂದರೆ ಕಿವಿ ಅದನ್ನು ಆಮೇಲೆ ಮರೆಯುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಸ್ಕ್ರಿಪ್ಟ್ ಇಲ್ಲದೆ ಅದನ್ನೇ ಮತ್ತೆ ಕೇಳಿ. ಹಿಂದಿನ ರಾತ್ರಿ ಗೋಜಲಾಗಿದ್ದ ಜಾಗ ತಿಳಿಯಾಗಿ ಕೇಳಿಸುತ್ತದೆ. ಆ ಖುಷಿ ನಿಮಗೆ ಸಿಗಬೇಕು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವೇಗ ಕಡಿಮೆ ಮಾಡಿಕೊಂಡು ಕೇಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಗೀಟು ಬಿಡಿಸಲು ಒಂದೆರಡು ಸಲ ಮಾಡಿ, ಪರವಾಗಿಲ್ಲ. ಆದರೆ ನಿಧಾನ ಮಾಡಿದರೆ ಸಂಧಿ ಬಿಡಿಸಿಕೊಳ್ಳುವುದಿಲ್ಲ. "ಜವಾನ" ನಿಧಾನವಾಗಿ "ಜವಾ...ನ" ಆಗುತ್ತದೆ ಹೊರತು "ಡು ಯು ವಾಂಟ್ ಟು" ಆಗುವುದಿಲ್ಲ. ಕೊನೆಗೆ ಮಾಮೂಲಿ ವೇಗದಲ್ಲೇ ಕೇಳಿ ಮುಗಿಸಿ.

ಎಲ್ಲಿಂದ ಆಡಿಯೋ ತರುವುದು? ದುಡ್ಡು ಕೊಡಬೇಕಾಗಿಲ್ಲ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್‌ನಲ್ಲಿ ಮಟ್ಟಕ್ಕೆ ತಕ್ಕ ಹಾಗೆ ತೀರಾ ಹೊಸಬರ ಎ1ರಿಂದ ಶುರುವಾಗಿ ವಿಂಗಡಿಸಿದ ಕೇಳುವ ಪಾಠಗಳಿವೆ, ಸ್ಕ್ರಿಪ್ಟ್ ಜೊತೆಯಲ್ಲೇ ಇರುತ್ತದೆ. ನಿಮಗೆ ನಡುವಿನ ಮಟ್ಟದ ಬಿ1ರಿಂದ ಶುರು ಮಾಡಿದರೆ ಸರಿಹೋಗುತ್ತದೆ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ 6 ಮಿನಿಟ್ ಇಂಗ್ಲಿಷ್‌ನಲ್ಲಿ ಇಬ್ಬರು ಕೂತು ಒಂದು ವಿಷಯ ಹರಟುತ್ತಾರೆ, ಅದಕ್ಕೂ ಸ್ಕ್ರಿಪ್ಟ್ ಸಿಗುತ್ತದೆ. ಅಮೆರಿಕದ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಕಲಿಯುವವರಿಗೆ ಅಂತಲೇ ನಿಧಾನದ ಸುದ್ದಿ ಶುರು ಮಾಡಿತ್ತು, ಸುಮಾರು 1500 ಪದಗಳ ಒಳಗೆ. ತೀರಾ ಹೊಸಬರಿಗೆ ಅಂಥ ನಿಧಾನದ ಆಡಿಯೋ ಒಳ್ಳೆಯದೇ. ನೀವು ಆ ಹಂತ ದಾಟಿದ್ದೀರಿ.

ಇನ್ನೊಂದು ಉಪಾಯ ನಮ್ಮ ಆಕಾಶವಾಣಿಯದ್ದು. ಮೊದಲು ಕನ್ನಡದ ವಾರ್ತೆ ಕೇಳಿ, ಆಮೇಲೆ ಅದೇ ದಿನದ ಇಂಗ್ಲಿಷ್ ವಾರ್ತೆ ಕೇಳಿ. ಸುದ್ದಿ ಗೊತ್ತಿರುತ್ತದೆ, ಕಿವಿ ಬರೀ ಪದ ಹಿಡಿದರೆ ಸಾಕು. ಕ್ರಿಕೆಟ್ ಇಷ್ಟ ಇದ್ದರೆ ಇಂಗ್ಲಿಷ್ ಕಾಮೆಂಟರಿ ಹಾಕಿಕೊಂಡು ಮ್ಯಾಚ್ ನೋಡಿ. ಒಂದೇ ಮ್ಯಾಚಿನಲ್ಲಿ ಆಸ್ಟ್ರೇಲಿಯಾದವರು, ಇಂಗ್ಲೆಂಡಿನವರು, ವೆಸ್ಟ್ ಇಂಡೀಸಿನವರು ಸಿಗುತ್ತಾರೆ. ಚೆಂಡು ಎಲ್ಲಿ ಹೋಯಿತು ಅಂತ ಕಣ್ಣಿಗೆ ಕಾಣುವುದರಿಂದ ಮಾತು ಅರ್ಧ ತಾನೇ ತಿಳಿಯುತ್ತದೆ.

ಚಿಕ್ಕ ಭಾಷಣಗಳನ್ನು ಕೇಳುವ ರೀತಿ ಸ್ವಲ್ಪ ಬೇರೆ. ಅಲ್ಲಿ ಪ್ರತಿ ಪದ ಹಿಡಿಯಲು ಹೋಗಬೇಡಿ. ನಮ್ಮ ಮೇಷ್ಟ್ರು "ಅದಿರಲಿ, ಈಗ ವಿಷಯಕ್ಕೆ ಬರೋಣ" ಅಂದರೆ ಎಲ್ಲರೂ ಪೆನ್ನು ಎತ್ತಿಕೊಳ್ಳುತ್ತಿದ್ದೆವು ಅಲ್ವಾ? ಇಂಗ್ಲಿಷಿನಲ್ಲೂ ಅಂಥ ಮಾತುಗಳಿವೆ. ಸ್ವಲ್ಪ ನಿಲ್ಲಿಸಿ "ನೌ" ಅಥವಾ "ರೈಟ್" ಅಂದರೆ ಹೊಸ ವಿಷಯ ಶುರು. "ಆಕ್ಚುಲಿ" ಅಥವಾ "ದ ಥಿಂಗ್ ಈಸ್" ಅಂದರೆ ಅಸಲು ಮಾತು ಈಗ ಬರುತ್ತದೆ. "ಬಟ್" ಬಂದರೆ ಅದರ ಹಿಂದಿನದು ಬಿಟ್ಟರೂ ನಡೆಯುತ್ತದೆ, ಮುಂದಿನದು ಬಿಡಬಾರದು. ಎರಡು ನಿಮಿಷದ ಭಾಷಣ ಕೇಳಿ, ನಿಲ್ಲಿಸಿ, ಏನು ಹೇಳಿದರು ಅಂತ ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥ ಆಗಿದೆ ಅಂತಲೇ ಲೆಕ್ಕ.

ಪರೀಕ್ಷೆಯ ಬಗ್ಗೆ ನಿಮಗೆ ಗೊತ್ತಿರುತ್ತದೆ, ಆದರೂ ಒಂದೆರಡು ಮಾತು. ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಮೊದಲನೆಯದು ಇಬ್ಬರ ದಿನನಿತ್ಯದ ಮಾತುಕತೆ, ಎರಡನೆಯದು ಒಬ್ಬರೇ ಆಡುವ ಮಾತು, ಮೂರನೆಯದು ಓದಿಗೆ ಸಂಬಂಧಿಸಿದ ಚರ್ಚೆ, ನಾಲ್ಕನೆಯದು ಪಾಠದಂಥ ಉಪನ್ಯಾಸ. ಎಲ್ಲವನ್ನೂ ಒಂದೇ ಸಲ ಕೇಳಿಸುತ್ತಾರೆ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಲಿಸನಿಂಗ್‌ನಲ್ಲಿ 9ಕ್ಕೆ 7 ಬ್ಯಾಂಡ್ ಬೇಕು. ಅಂದರೆ 40ರಲ್ಲಿ ಹೆಚ್ಚುಕಡಿಮೆ 30 ಸರಿಯಾಗಬೇಕು. ಹತ್ತು ಪ್ರಶ್ನೆ ಕೈತಪ್ಪಿದರೂ ನಡೆಯುತ್ತದೆ ಅನ್ನುವುದನ್ನು ತಲೆಯಲ್ಲಿಟ್ಟುಕೊಂಡು ಕೂರಿ. ಉತ್ತರಗಳು ಪ್ರಶ್ನೆಯ ಕ್ರಮದಲ್ಲೇ ಬರುತ್ತವೆ. ಒಂದು ತಪ್ಪಿಹೋದರೆ ಅದನ್ನೇ ಹುಡುಕುತ್ತಾ ಕೂರಬೇಡಿ, ಅದು ಪಕ್ಕದ ಎರಡನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲು ಕೇಳಿಸಿದ ಉತ್ತರವನ್ನೇ ಬರೆದು ನಿಶ್ಚಿಂತೆಯಾಗಿರಬೇಡಿ. "ಮಂಡೇ ಬರ್ತೀನಿ... ಇಲ್ಲ ಇಲ್ಲ, ಅವತ್ತು ಆಗಲ್ಲ, ಟ್ಯೂಸ್‌ಡೇ" ಅನ್ನುವ ಥರ ಮಾತು ಬದಲಾಯಿಸುತ್ತಾರೆ. ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಹೋಗುತ್ತದೆ. ಕಂಪ್ಯೂಟರಿನಲ್ಲಿ ಬರೆದರೆ ಕೊನೆಗೆ ನೋಡಿಕೊಳ್ಳಲು ಸಿಗುವುದು ಎರಡೇ ನಿಮಿಷ.

ಒಇಟಿ ಅನ್ನುವ ಪರೀಕ್ಷೆಯನ್ನೂ ಆ ಕೌನ್ಸಿಲ್ ಒಪ್ಪುತ್ತದೆ, ಅದನ್ನೂ ಒಮ್ಮೆ ನೋಡಿ. ಅದು ಆರೋಗ್ಯ ಕ್ಷೇತ್ರದವರಿಗೇ ಮಾಡಿದ್ದು. ಅಲ್ಲಿ ಕೇಳಿಸುವುದೇ ರೋಗಿಯ ಸಂದರ್ಶನ, ವಾರ್ಡಿನ ಚಿಕ್ಕ ಮಾತುಕತೆ, ವೈದ್ಯಕೀಯ ವಿಷಯದ ಭಾಷಣ. ನೀವು ದಿನಾ ಇರುವ ಲೋಕ. ನನ್ನ ಹತ್ತಿರ ಬಂದ ಕೆಲವು ನರ್ಸ್‌ಗಳಿಗೆ ಅದೇ ಹಗುರ ಅನಿಸಿದೆ.

ಸಂಖ್ಯೆಗಳಿಗೆ ಮಾತ್ರ ದಿನಾ ಐದು ನಿಮಿಷ ಬೇರೆಯಾಗಿ ಎತ್ತಿಡಿ. "ತರ್ಟೀನ್", "ತರ್ಟಿ" ವ್ಯತ್ಯಾಸವನ್ನು ಕೊನೆಯ ನ್‌ನಲ್ಲಿ ಹುಡುಕಬೇಡಿ, ಅದು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಒತ್ತು ಕೊನೆಯ "ಟೀನ್" ಮೇಲೆ ಬಿದ್ದು ಎಳೆದರೆ 13, ಮೊದಲ "ತರ್" ಮೇಲೆ ಬಿದ್ದು ಗಕ್ಕನೆ ನಿಂತರೆ 30. "ಕ್ಯಾನ್" ಮತ್ತು "ಕಾಂಟ್" ಕೂಡ ಹಾಗೇ. ಆಗುತ್ತದೆ ಅನ್ನುವಾಗ ಅದು ಸಣ್ಣದಾಗಿ "ಕನ್" ಆಗಿ ಜಾರಿಹೋಗುತ್ತದೆ. ಆಗಲ್ಲ ಅನ್ನುವಾಗ ಗಟ್ಟಿಯಾಗಿ ಕೇಳಿಸುತ್ತದೆ, ಇಂಗ್ಲೆಂಡಿನಲ್ಲಿ ಹೆಚ್ಚಾಗಿ "ಕಾಂಟ್" ಅಂತ, ಅಮೆರಿಕದಲ್ಲಿ "ಕ್ಯಾಂಟ್" ಅಂತ. ಇನ್ನೊಂದು, ಬ್ರಿಟನ್ನಿನಲ್ಲಿ "ಹಾಫ್ ಸೆವೆನ್" ಅಂದರೆ ಏಳೂವರೆ. ಆರೂವರೆ ಅಂದುಕೊಂಡು ಹೋದವರು ಒಂದು ಗಂಟೆ ಕಾದು ನಿಲ್ಲಬೇಕಾಗುತ್ತದೆ. ಫೋನ್ ನಂಬರಿನಲ್ಲಿ ಸೊನ್ನೆಯನ್ನು "ಓ" ಅನ್ನುತ್ತಾರೆ.

ಪರೀಕ್ಷೆ ದಾಟಿ ಅಲ್ಲಿಗೆ ಹೋದ ಮೇಲೆ ವಾರ್ಡಿನಲ್ಲಿ ಸಿಗುವ ಇಂಗ್ಲಿಷ್ ಈ ಆಡಿಯೋಗಳಲ್ಲಿ ಇರುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ವಯಸ್ಸಾದ ರೋಗಿ "ಐಯಾಮ್ ಫೀಲಿಂಗ್ ಪೂರ್ಲಿ" ಅಂದರೆ ಬಡತನದ ಮಾತಲ್ಲ, ಹುಷಾರಿಲ್ಲ ಅಂತ. "ಸ್ಪೆಂಡ್ ಅ ಪೆನಿ" ಅಂದರೆ ದುಡ್ಡು ಖರ್ಚು ಮಾಡುವುದಲ್ಲ, ಟಾಯ್ಲೆಟ್ಟಿಗೆ ಹೋಗಬೇಕು ಅಂತ ನಾಚಿಕೊಂಡು ಹೇಳುವುದು. "ವಾಟರ್‌ವರ್ಕ್ಸ್" ಸರಿಯಿಲ್ಲ ಅಂದರೆ ಮೂತ್ರದ ತೊಂದರೆ. ಇಂಗ್ಲೆಂಡಿನ ಉತ್ತರದ ಕಡೆ "ಟೀ" ಅಂದರೆ ಸಂಜೆಯ ಊಟ. ರೋಗಿ "ಟೀ ಎಷ್ಟೊತ್ತಿಗೆ" ಅಂತ ಕೇಳಿದರೆ ಬರೀ ಚಹಾ ಕಪ್ ಕೊಟ್ಟರೆ ಪಾಪ, ಹಸಿದುಕೊಂಡು ಇರುತ್ತಾರೆ.

ಅಲ್ಲಿ ಆಡಿಯೋಗೆ ಇಲ್ಲದ ಒಂದು ಅನುಕೂಲ ನಿಮಗಿರುತ್ತದೆ. ತಿರುಗಿ ಕೇಳಬಹುದು. "ಸಾರಿ?" ಅಂತ ಬರೀ ಒಂದು ಪದ ಅಂದರೆ ಅವರು ಅದನ್ನೇ ಅದೇ ವೇಗದಲ್ಲಿ ಮತ್ತೆ ಹೇಳುತ್ತಾರೆ. ಅದಕ್ಕಿಂತ ಕೇಳಿಸಿದಷ್ಟನ್ನು ಹೇಳಿ, ಕೇಳಿಸದ ಜಾಗ ತೋರಿಸಿ. "ಡಿಡ್ ಯು ಸೇ ಫಿಫ್ಟೀನ್, ಒನ್ ಫೈವ್?" ಔಷಧಿಯ ಪ್ರಮಾಣವನ್ನು ಹೀಗೆ ಅಂಕಿ ಬಿಡಿಸಿ ತಿರುಗಿ ಹೇಳುವುದು ಇಂಗ್ಲಿಷ್ ಮನೆಮಾತಾಗಿರುವ ನರ್ಸ್‌ಗಳೂ ಮಾಡುವ ಕೆಲಸ. 15 ಮಿಲಿಗ್ರಾಂ ಜಾಗದಲ್ಲಿ 50 ಹೋದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇದನ್ನು ಇಲ್ಲೇ, ನಿಮ್ಮ ಈಗಿನ ವಾರ್ಡಿನಲ್ಲೇ ರೂಢಿ ಮಾಡಿಕೊಳ್ಳಿ.

ಮೂರು ತಿಂಗಳು ಸಾಕಾ ಅಂದರೆ, ದಿನಾ 20 ನಿಮಿಷ ನೋಟ್‌ಬುಕ್ ಹಿಡಿದು ಕೂತರೆ ಸಾಕಾಗುವ ಸಾಧ್ಯತೆ ಚೆನ್ನಾಗಿದೆ. ನೈಟ್ ಡ್ಯೂಟಿ ಇದ್ದ ದಿನ ಬರೆಯಬೇಡಿ, ಹಳೆಯ ತುಣುಕುಗಳನ್ನೇ ಕೇಳಿಕೊಂಡು ಮಲಗಿ. ಮೊದಲ ಎರಡು ವಾರ ಗೀಟುಗಳೇ ಜಾಸ್ತಿ ಕಾಣುತ್ತವೆ, ಪುಟ ಪೂರ್ತಿ ಕೆಂಪಾಗಿರುತ್ತದೆ. ಪ್ರತಿ ಪುಟದ ಮೇಲೆ ತಾರೀಖು ಹಾಕಿಡಿ. ಆರನೇ ವಾರ ಮೊದಲ ಪುಟದ ಅದೇ ಆಡಿಯೋ ತೆಗೆದು, ಹೊಸ ಹಾಳೆಯಲ್ಲಿ ಮತ್ತೆ ಬರೆದು, ಎರಡರ ಗೀಟುಗಳನ್ನು ಎಣಿಸಿ. ಆ ಎರಡು ಸಂಖ್ಯೆಗಳನ್ನು ನನಗೆ ಬರೆದು ಕಳಿಸಿ. ಯಾವ ಥರದ ಗೀಟು ಇನ್ನೂ ಉಳಿದಿದೆ ಅಂತ ನೋಡಿ ಮುಂದಿನದನ್ನು ಹೇಳುತ್ತೇನೆ.